ನಾಲ್ಕನೇ ಇಯತ್ತೆಯ ಕೆಲಸ

ಮುಂಡರಗಿಯ ಆ ಕೆಲಸಕ್ಕೆ ನಾಲ್ಕನೇ ಇಯತ್ತೆ ಕಲಿತಿದ್ದರೆ ಸಾಕಿತ್ತು. ನಾನು ಬಿ.ಎ. ಪಾಸಾಗಿದ್ದೆ. ನಾನು ಆ ಕೆಲಸ ಒಪ್ಪಿಕೊಂಡದ್ದರಿಂದ ಒಬ್ಬ ಮನುಷ್ಯ ಕಳೆದುಹೋದ. ಅವನ ಮುಖ ನಾನು ನೋಡಲಿಲ್ಲ. ನೋಡಿದ್ದು ಅವನ ಪಾದ ಮಾತ್ರ, ಮತ್ತು ಬಾರು ಹರಿದು ಹತ್ತಿಯ ಹುರಿಯಿಂದ ಕಟ್ಟಿದ್ದ ಒಂದು ಕೆರ.

ಈಗಲೂ ಓಣಿಯ ಹುಡುಗರು, ಅವರ ತಂದೆ ತಾಯಂದಿರು ನನ್ನ ಬಳಿ ಬರುತ್ತಾರೆ. ಡಿಗ್ರಿ ಮುಗಿದಿದೆ, ಸಿಕ್ಕಿರುವುದು ಸಣ್ಣ ಕೆಲಸ, ಹೋಗಲೋ ಬೇಡವೋ ಎಂದು ಕೇಳುತ್ತಾರೆ. ನಾನು ಹೋಗು ಎನ್ನುವುದಿಲ್ಲ, ಬೇಡ ಎಂದೂ ಹೇಳುವುದಿಲ್ಲ. ಚಹಾ ಕುಡಿಸಿ ಕಳಿಸುತ್ತೇನೆ. ನಮ್ಮ ಮನೆಯವರಿಗೆ ಇದು ಮುದುಕನ ಕೊಬ್ಬು ಅನಿಸುತ್ತದೆ. ಒಮ್ಮೆ ಮಾತ್ರ ಬಾಯಿ ತಪ್ಪಿ ಒಬ್ಬ ಹುಡುಗನಿಗೆ, 'ಆ ಕುರ್ಚಿ ಮ್ಯಾಲೆ ನಿನಗಿಂತ ಮೊದಲು ಯಾರು ಕುಂತಿದ್ರು, ಅವರನ್ನ ಕೇಳು' ಅಂದೆ. ಅವನಿಗೆ ಅರ್ಥವಾಗಲಿಲ್ಲ, ಬಿಸ್ಕತ್ತು ತಿಂದು ಹೋದ.

ನಮ್ಮೂರು ಡೋಣಿ. ಒಕ್ಕಲುತನದ ಮನೆ. ನಾನು ಧಾರವಾಡದಲ್ಲಿ ಪುಕ್ಕಟೆ ಬೋರ್ಡಿಂಗಿನಲ್ಲಿದ್ದು ಓದಿ, ಸ್ವಾತಂತ್ರ್ಯ ಬಂದ ಮರುವರ್ಷದ ಬೇಸಿಗೆಯಲ್ಲಿ ಊರಿಗೆ ಬಂದೆ. ಊರಿನ ಮೊದಲ ಬಿ.ಎ. ನಾನೇ. ವಾರಗಟ್ಟಲೆ ಜನ ನೋಡಲು ಬಂದರು. ಒಬ್ಬ ಅಜ್ಜ ನನ್ನನ್ನು ಮೇಲಿಂದ ಕೆಳಗೆ ನೋಡಿ, 'ಬಿ.ಎ. ಅಂದ್ರ ಎಷ್ಟನೇ ಇಯತ್ತೆ ಆಕ್ಕೈತೋ?' ಎಂದು ಕೇಳಿದ. ನಾನು ಲೆಕ್ಕ ಹಾಕಿ ಹೇಳಿದೆ. ಅಜ್ಜ ಸ್ವಲ್ಪ ಹೊತ್ತು ಯೋಚಿಸಿ, 'ಅಷ್ಟು ವರ್ಷ ಒಂದ ಎತ್ತು ಕಟ್ಟಿದ್ರ ಅದೂ ಮುದಿ ಆಗತಿತ್ತು' ಅಂದ. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಬಿ.ಎ. ಆದವನಿಗೆ ನಗು ಬರುವುದು ತುಸು ತಡ.

ನಮ್ಮ ಸೀಮೆ ಆಗ ಮುಂಬಯಿ ಇಲಾಖೆಗೆ ಸೇರಿತ್ತು. ನಾನು ಸರಕಾರಕ್ಕೆ ಅರ್ಜಿ ಮೇಲೆ ಅರ್ಜಿ ಹಾಕಿ ಟಪಾಲಿನವನ ದಾರಿ ಕಾಯುತ್ತಿದ್ದೆ. ಮೃಗಶಿರಾ ಮಳೆ ಬಿದ್ದು ಮನೆಯವರೆಲ್ಲ ಹೊಲಕ್ಕೆ ಹೋದರೂ ನಾನು ಇಸ್ತ್ರಿಯ ಅಂಗಿ ಹಾಕಿಕೊಂಡು ಪಡಸಾಲೆಯಲ್ಲಿ ಕೂತಿರುತ್ತಿದ್ದೆ. ಅಪ್ಪ ಒಂದು ದಿನ ಕುಂಟೆ ಇಳಿಸುತ್ತ, ನನ್ನ ಕಡೆ ನೋಡದೆಯೇ, 'ಕುಂತು ಉಂಡ್ರ ಕುಡಿಕಿ ಹೊನ್ನೂ ಸಾಲೂದಿಲ್ಲ' ಎಂದು ಎತ್ತಿಗೆ ಹೇಳಿದ.

ಅದೇ ವಾರ ಮುಂಡರಗಿಯಿಂದ ಸೋದರಮಾವ ಬಂದ. ಮಾವ ಅಲ್ಲಿ ಹತ್ತಿ ದಲಾಲಿ ಮಾಡುತ್ತಿದ್ದ, ಊರ ಹಿರಿಯರಲ್ಲಿ ಒಬ್ಬ. ಮುಂಡರಗಿಯಿಂದ ಮೂಡಣಕ್ಕೆ ಸ್ವಲ್ಪ ನಡೆದರೆ ಆಗ ನಿಜಾಮರ ಸೀಮೆ. ಗಡಿಯಾಚೆ ಹಾವಳಿ ಎದ್ದು ಜನ ಮನೆ ಮಠ ಬಿಟ್ಟು ಈ ಕಡೆಗೆ ಓಡಿ ಬರುತ್ತಿದ್ದರು. ಅವರಿಗೆಂದು ಊರ ಹಿರಿಯರು ಕೂಡಿ ಒಂದು ಹಳೆಯ ಹತ್ತಿ ಗೋದಾಮಿನಲ್ಲಿ ಕ್ಯಾಂಪು ತೆರೆದಿದ್ದರು. ಬಂದವರ ಹೆಸರು ಬರೆದುಕೊಳ್ಳುವುದು, ಹುಡುಕಿಕೊಂಡು ಬಂದವರಿಗೆ ನೋಡಿ ಹೇಳುವುದು, ಇಷ್ಟು ಕೆಲಸ. ಊಟ ಕ್ಯಾಂಪಿನಲ್ಲೇ, ಮೇಲೆ ಸ್ವಲ್ಪ ಪಗಾರ.

'ಈಗ ಹಿಟ್ಟಿನ ಗಿರಣಿಯವ ಬರೀತಾನ,' ಅಂದ ಮಾವ. 'ನಾಲ್ಕನೇ ಇಯತ್ತೆ ಕಲ್ತಾನ. ಬಿ.ಎ. ಆದ ಅಳಿಯ ಮನ್ಯಾಗ ಕುಂತಾಗ ನಾಲ್ಕನೇ ಇಯತ್ತೆಯವನ ಕೈಯಾಗ ಲೆಕ್ಕಣಿಕಿ ಯಾಕ?'

ನನಗೆ ಮೈ ಉರಿಯಿತು. ಧಾರವಾಡದ ಗೆಳೆಯನೊಬ್ಬ ಹಿಂದಿನ ವಾರವಷ್ಟೇ ಕಾಗದ ಬರೆದಿದ್ದ: ಸಣ್ಣ ಕೆಲಸಕ್ಕೆ ಸೇರಬೇಡ, ಒಮ್ಮೆ ಕೆಳಗೆ ಕೂತವನನ್ನು ಯಾರೂ ಕೈ ಹಿಡಿದು ಮೇಲೆ ಕೂರಿಸುವುದಿಲ್ಲ, ಕನ್ಯೆ ಕೊಡುವವರೂ ಮೂಗು ಮುರಿಯುತ್ತಾರೆ. ನಾನು ಅದನ್ನೇ ನನ್ನ ಮಾತೆಂಬಂತೆ ಮಾವನಿಗೆ ಒಪ್ಪಿಸಿದೆ. ಮಾವ ಎಲೆ ಮಡಿಸುತ್ತ ಕೇಳಿಸಿಕೊಂಡ. 'ಆಳಾಗಬಲ್ಲವ ಅರಸಾಗತಾನ ಅಳಿಯಾ,' ಅಂದ. ಅವ್ವ ನಡುವೆ ಬಾಯಿ ಹಾಕಿದಳು. 'ಪಾಪ, ಆ ಗಿರಣಿಯವನ ಕೆಲಸ ಕಸಗೊಂಡಂಗ ಆಗೂದಿಲ್ಲೇನೋ?' ಅಂದಳು. ಮಾವ, 'ಅವನಿಗೆ ಗಿರಣಿ ಐತಿ' ಅಂದ. ಅವ್ವನ ಮಾತು ಅಲ್ಲಿಗೆ ಮುಗಿಯಿತು. ಆ ದಿನ ಆ ಪಡಸಾಲೆಯಲ್ಲಿ ಕೇಳಬೇಕಾದ ಒಂದೇ ಪ್ರಶ್ನೆ ಕೇಳಿದವಳು ಅವಳು. ಅವಳಿಗೆ ಸಹಿ ಮಾಡಲೂ ಬರುತ್ತಿರಲಿಲ್ಲ.

ನಾನು ಒಪ್ಪಿದೆ. ಮನಸ್ಸಿನಿಂದ ಒಪ್ಪಲಿಲ್ಲ, ಅಪ್ಪನ ಮುಖ ತಪ್ಪಿಸಲು ಒಪ್ಪಿದೆ. ಸರಕಾರದ ಕಾಗದ ಬರುವವರೆಗೆ ಮಾತ್ರ ಎಂದು ನಾಲ್ಕು ಜನರ ಮುಂದೆ ನಾಲ್ಕು ಸಲ ಹೇಳಿದೆ.

ಗಿರಣಿಯವನಿಗೆ ಐವತ್ತರ ಮೇಲೆ ವಯಸ್ಸು. ರೆಪ್ಪೆಯ ಮೇಲೂ ಜೋಳದ ಹಿಟ್ಟು. ನಾನು ಅವನನ್ನು ಕಾಕಾ ಎಂದು ಕರೆಯತೊಡಗಿದೆ. ಅವನು ನನ್ನನ್ನು ಕಂಡ ಕೂಡಲೇ ಎದ್ದು ಕುರ್ಚಿ ಒರೆಸಿದ. ಮುಖದಲ್ಲಿ ಸಿಟ್ಟಿರಲಿಲ್ಲ, ಸ್ವಲ್ಪ ಚಿಂತೆ ಇತ್ತು. ತನ್ನ ವಹಿಯನ್ನು ನನ್ನ ಕೈಗೆ ಕೊಟ್ಟ. ನಾನು ಬಿಡಿಸಿ ನೋಡಿದೆ, ನಗು ಬಂತು. ಈ ಸಲ ತಡವಾಗಲಿಲ್ಲ.

ಹೆಂಗಸರ ಹೆಸರುಗಳೇ ಅದರಲ್ಲಿ ಹೆಚ್ಚಾಗಿ ಇರಲಿಲ್ಲ. 'ಎಡಗಣ್ಣಿನ ಮ್ಯಾಲೆ ಮಚ್ಚಿ. ಹಸರ ಸೀರಿ, ಸೆರಗು ಸುಟ್ಟೈತಿ. ತವರು ಇಂಥದ್ದು, ಕೊಟ್ಟ ಊರು ಇಂಥದ್ದು. ಒಂದು ಆಡಿನ ಮರಿ ತಂದಾಳ.' ಇಂಥ ಬರಹವೇ ಪುಟಪುಟ. ಗೆರೆಯಿಲ್ಲ, ಅಂಕಿಯಿಲ್ಲ, ಅಕ್ಷರಗಳು ಹೊಲದಲ್ಲಿ ಬಿಟ್ಟ ದನದಂತೆ ಅಡ್ಡಾದಿಡ್ಡಿ.

'ಹೆಸರು ಎಲ್ಲಿ ಕಾಕಾ?' ಎಂದೆ.

'ತಮ್ಮಾರ, ನಮ್ಮ ಹೆಣ್ಣುಮಕ್ಕಳು ಗಂಡನ ಹೆಸರ ಹೇಳತಾರೇನ್ರಿ? ಹೇಳಿದ್ರ ಅವನ ಆಯುಷ್ಯ ಕಡಿಮಿ ಆಕ್ಕೈತಂತಾರ. ಗಂಡಸರೂ ಹಂಗ. ನಮ್ಮನ್ಯಾಕಿ ಅಂತಾರ ವಿನಾ ಹೆಸರ ಎತ್ತೂದಿಲ್ಲ. ಕೇಳಬ್ಯಾಡ್ರಿ. ನೋಡಿ ಬರೀರಿ. ಹುಡುಕ್ಕೊಂಡು ಬಂದವ ನೋಡಿದ್ದನ್ನ ಹೇಳತಾನ. ನಡುನಡುವ ನಮ್ಮನ್ಯಾಕಿನ್ನ ಕಳಸ್ತೀನಿ. ಮದುವಿ ಮನ್ಯಾಗ ಗಂಡನ ಹೆಸರ ಕೂಡಿಸಿ ಒಡಪು ಹಾಕಿದಂಗ ಆಟ ಆಡಸ್ತಾಳ, ಆಗ ಹೆಸರ ತಾನ ಹೊರಗ ಬೀಳತೈತಿ.'

ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂದು ನಮ್ಮ ಹಿರಿಯರು ಹೇಳಿದ್ದು ಇಂಥವನನ್ನು ನೋಡಿಯೇ ಇರಬೇಕು. ಆದರೆ ಆಗ ನಾನು ಆ ವಹಿಯನ್ನು ಮೇಜಿನ ಖಾನೆಯಲ್ಲಿ ಎಸೆದೆ. ಮಾವನಿಗೆ ಹೇಳಿ ಗದಗಿನಿಂದ ರಟ್ಟಿನ ದಪ್ಪ ವಹಿ ತರಿಸಿದೆ. ಕೆಂಪು ಮಸಿಯಿಂದ ಗೆರೆ ಎಳೆದೆ: ಅನುಕ್ರಮ ಸಂಖ್ಯೆ, ಹೆಸರು, ಗಂಡನ ಅಥವಾ ತಂದೆಯ ಹೆಸರು, ಊರು, ವಯಸ್ಸು, ಬಂದ ದಿನ. ಒಂದು ಪುಟ ಬರೆದ ಮೇಲೆ ದೂರ ಹಿಡಿದು ನೋಡಿ ನನಗೇ ಸಮಾಧಾನವಾಯಿತು. ಕೆಲಸ ನನ್ನ ಓದಿಗೆ ಏರದಿದ್ದರೇನಂತೆ, ಕೆಲಸವನ್ನೇ ನನ್ನ ಓದಿನವರೆಗೆ ಏರಿಸಿದೆ ಎಂದು ಹಿಗ್ಗಿದೆ. ಹಿರಿಯರು ಬಂದು ನೋಡಿ, 'ಬಿ.ಎ. ಅಂದ್ರ ಬಿ.ಎ.ನ ನೋಡ್ರಿ' ಅಂದರು.

ಹೆಂಗಸರು ನನ್ನ ಮೇಜಿನ ಮುಂದೆ ಬಂದು ನಿಲ್ಲುತ್ತಿದ್ದರು. ತಮ್ಮ ಹೆಸರು ಪಿಸುಗುಟ್ಟುತ್ತಿದ್ದರು. ಗಂಡನ ಹೆಸರು ಕೇಳಿದರೆ ನೆಲ ನೋಡುತ್ತಿದ್ದರು. ಜೊತೆಗೆ ಮಕ್ಕಳಿದ್ದರೆ ಮಕ್ಕಳು ಹೇಳುತ್ತಿದ್ದರು, ಅತ್ತೆಯಿದ್ದರೆ ಅತ್ತೆ ಹೇಳುತ್ತಿದ್ದಳು. ಯಾರೂ ಇಲ್ಲದವಳ ಮುಂದೆ ನಾನು ಎರಡು ಸಲ ಕೇಳಿ ಒಂದು ಅಡ್ಡಗೀಟು ಎಳೆಯುತ್ತಿದ್ದೆ. ಆ ಗೀಟುಗಳು ಬಹಳ ನೇರವಾಗಿ ಬಂದಿದ್ದವು.

ಅವಳು ಬಂದದ್ದು ನಾನು ಸೇರಿದ ಹದಿನೈದು ದಿನಕ್ಕೆ. ಹದಿನೆಂಟು ಹತ್ತೊಂಬತ್ತರ ಹುಡುಗಿ, ಕೈತುಂಬ ಮದುವೆಯ ಹಸಿರು ಬಳೆ. ಗದ್ದದ ಮೇಲೆ ಮೂರು ಹಚ್ಚೆಯ ಚುಕ್ಕೆ. ಕೈಯಲ್ಲಿ ಬೀಸುವ ಕಲ್ಲಿನ ಗೂಟ ಹಿಡಿದಿದ್ದಳು. ಮನೆ ಬಿಟ್ಟು ಓಡುವ ಗಡಿಬಿಡಿಯಲ್ಲಿ ಕೈಗೆ ಸಿಕ್ಕಿದ್ದು ಅದೊಂದೇ, ಕಲ್ಲಿಲ್ಲದ ಬರೀ ಮರದ ಗೂಟ. ಹೆಬ್ಬೆಟ್ಟು ಒತ್ತುವಾಗ ಅದನ್ನು ನನ್ನ ಮೇಜಿನ ಮೇಲೆ ಇಟ್ಟಳು. ಸುತ್ತಲಿನ ಹೆಂಗಸರು ನಕ್ಕರು, ಅವಳೂ ನಕ್ಕಳು.

'ಗಂಡನ ಹೆಸರು?'

ನೆಲ ನೋಡಿದಳು.

'ಯಾವ ಊರು?'

ಊರು ಹೇಳಿದಳು. ಅದು ಅವಳ ತವರೂರು. ಮದುವೆಯಾಗಿ ಇನ್ನೂ ಮೂರು ತಿಂಗಳು, ಊರು ಯಾವುದೆಂದರೆ ಆ ವಯಸ್ಸಿನ ಹುಡುಗಿಯ ಬಾಯಿಗೆ ಮೊದಲು ಬರುವುದು ತವರು. ಕೊಟ್ಟ ಊರು ಯಾವುದೆಂದು ನಾನು ಕೇಳಲಿಲ್ಲ, ನನ್ನ ವಹಿಯಲ್ಲಿ ಊರಿಗೆ ಒಂದೇ ಕಾಲಂ ಇತ್ತು. ಗಂಡನ ಕಾಲಂನಲ್ಲಿ ಗೀಟು ಎಳೆದೆ. ಅವಳು, 'ಅಣ್ಣಾರ, ನಮ್ಮವರು ಹಿಂದಿಂದ ಬರತೀನಿ ಅಂದಾರ್ರಿ, ಬಂದ್ರ ಹೇಳ್ರಿ' ಅಂದಳು. ನಾನು ಹೇಳುತ್ತೇನೆ ಅಂದೆ.

ಅವನು ಬಂದದ್ದು ಮೂರು ದಿನದ ಮೇಲೆ, ಮಧ್ಯಾಹ್ನ. ನಾನು ಆಗ ಧಾರವಾಡದ ದೊಡ್ಡ ಕಚೇರಿಯೊಂದಕ್ಕೆ ಅರ್ಜಿ ಬರೆಯುತ್ತಿದ್ದೆ. ಇಂಗ್ಲಿಷಿನಲ್ಲಿ ಬರೆಯುವಾಗ ನನಗೆ ತಲೆ ಎತ್ತಿದರೆ ವಾಕ್ಯ ತಪ್ಪುತ್ತಿತ್ತು. ಮೇಜಿನಾಚೆ ಯಾರೋ ಬಂದು ನಿಂತರು. ಬಗ್ಗಿದ ಕಣ್ಣಿಗೆ ಕಂಡದ್ದು ಕೆಂಪು ಮಣ್ಣು ಮೆತ್ತಿದ ಪಾದ, ಹುರಿ ಕಟ್ಟಿದ ಕೆರ.

'ನಮ್ಮನ್ಯಾಕಿ ಬಂದಾಳೇನ ನೋಡ್ರಿ, ಸಾಹೇಬ್ರ.'

'ನಿನ್ನ ಹೆಸರು ಹೇಳು. ಊರು ಹೇಳು.'

ಹೇಳಿದ. ಹೆಂಡತಿಯ ಹೆಸರು ಅವನು ಎತ್ತಲಿಲ್ಲ, ನಾನೂ ಕೇಳಲಿಲ್ಲ. ನಾನು ವಹಿ ಎಳೆದುಕೊಂಡು ಗಂಡಂದಿರ ಕಾಲಂನಲ್ಲಿ ಬೆರಳಾಡಿಸಿದೆ. ಊರಿನ ಕಾಲಂನಲ್ಲೂ ಆಡಿಸಿದೆ. 'ಇಲ್ಲ,' ಅಂದೆ.

'ಹಂಗಲ್ರಿ, ಗದ್ದದ ಮ್ಯಾಲೆ ಮೂರು ಚುಕ್ಕಿ ಅದಾವ್ರಿ. ಕೈಯಾಗ...'

'ಅದೆಲ್ಲ ಬ್ಯಾಡ,' ಅಂದೆ ನಾನು. 'ಹೆಸರು ಇದ್ರ ಇರತೈತಿ, ಇಲ್ಲ ಅಂದ್ರ ಇಲ್ಲ.'

'ಇನ್ನೊಂದು ಸಲ ನೋಡ್ರಿ, ನಿಮ್ಮ ಪುಣ್ಯಾ.'

'ಇಲ್ಲ ಅಂದ್ನೆಲ್ಲ. ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆನೂ ಮಂದಿ ಹೋಗ್ಯಾರ, ಅಲ್ಲಿ ಕೇಳು.'

ಪಾದಗಳು ಸ್ವಲ್ಪ ಹೊತ್ತು ಅಲ್ಲೇ ಇದ್ದವು. ನಂತರ ಇರಲಿಲ್ಲ. ಅವಳು ನಲವತ್ತು ಹೆಜ್ಜೆ ದೂರದಲ್ಲಿ, ಗೋದಾಮಿನ ಒಳಗೆ, ಹೆಂಗಸರ ಕಡೆ ಜೋಳ ಹಸನು ಮಾಡುತ್ತಿದ್ದಳು. ಈ ನಲವತ್ತು ಹೆಜ್ಜೆ ನಾನು ಆಮೇಲೆ ಎಷ್ಟೋ ಸಲ ನಡೆದು ಎಣಿಸಿದ್ದೇನೆ. ಅರ್ಜಿ ಒಂದೂ ತಪ್ಪಿಲ್ಲದೆ ಮುಗಿಯಿತು, ಅಂದಿನ ಟಪಾಲಿಗೇ ಹಾಕಿದೆ.

ಎರಡು ದಿನ ಬಿಟ್ಟು ಗಿರಣಿಯ ಕಾಕಾ ಕ್ಯಾಂಪಿಗೆ ಹಿಟ್ಟು ತಂದ. ಚೀಲ ಇಳಿಸಿ ಬೆವರು ಒರೆಸುತ್ತ ಸುಮ್ಮನೆ ಮಾತು ತೆಗೆದ. 'ಮೊನ್ನೆ ಒಬ್ಬ ಪ್ರಾಯದವ ನಮ್ಮ ಗಿರಣಿ ಕಟ್ಟಿ ಮ್ಯಾಲೆ ಕುಂತು ನೀರು ಕುಡದ್ರಿ. ಹೇಣ್ತಿ ಸಿಗವಲ್ಲಳಂತ. ಬೀಸೂಕಲ್ಲಿನ ಗೂಟ ಹಿಡಕೊಂಡು ಓಡಿದ್ಲಂತ. ಅದನ್ನ ಹೇಳಿ ತಾನ ನಕ್ಕ, ನಕ್ಕಾಂವ ಹಂಗ ಅತ್ತ. ಕ್ಯಾಂಪಿನ್ಯಾಗ ಸರಿಯಾಗಿ ಕೇಳಿದೇನಪಾ ಅಂದೆ. ಬಿ.ಎ. ಕಲ್ತ ಸಾಹೇಬ್ರು ಬುಕ್ ನೋಡಿ ಇಲ್ಲ ಅಂದ್ರು, ಅವರು ಸುಳ್ಳ ಹೇಳತಾರೇನ್ರಿ ಅಂದ.'

ನಾನು ಎದ್ದು ನಿಂತೆ. ಕಾಕಾ ನನ್ನ ಮುಖ ನೋಡಿದ. ಅವನಿಗೆ ತಿಳಿಯಿತು. ಕಾಕಾ ಕೆಲಸದಲ್ಲಿದ್ದಾಗ ಅವಳು ಬಂದಿರಲಿಲ್ಲ, ಬಂದಿದ್ದರೆ ಗೂಟ ಎಂಬ ಮಾತು ಕೇಳಿದ ಕ್ಷಣವೇ ಆ ಪ್ರಾಯದವನನ್ನು ತೋಳು ಹಿಡಿದು ಎಳೆತರುತ್ತಿದ್ದ. 'ಅದಾಳೇನ್ರಿ?' ಎಂದು ಕೇಳಿದ. ನಾನು ಗೋದಾಮಿನ ಕಡೆ ಕೈ ತೋರಿಸಿದೆ. ಆ ಮುದುಕ ನನಗೆ ಒಂದು ಬೈಗುಳ ಬೈದಿದ್ದರೆ ಚೆನ್ನಾಗಿತ್ತು. 'ಸೈಕಲ್ ತಗೋರಿ, ಜಲ್ದಿ ಹೋಗ್ರಿ' ಎಂದಷ್ಟೇ ಅಂದ.

ಮಾವನ ಸೈಕಲ್ ತೆಗೆದುಕೊಂಡು ಹೊರಟೆ. ನಮ್ಮೂರು ದಾರಿಯಲ್ಲೇ ಸಿಕ್ಕಿತು, ಇಳಿಯಲಿಲ್ಲ. ಗುಡ್ಡದ ಮಗ್ಗುಲಿನ ಹಾದಿ ಹಿಡಿದು ಶಿರಹಟ್ಟಿ ಮುಟ್ಟಿದೆ. ಅಲ್ಲಿ ಮಠದ ಹತ್ತಿರ ಊಟ ಹಾಕುತ್ತಿದ್ದವರು, ಹೌದು, ನಿನ್ನೆ ಮುಂಜಾನೆ ಒಬ್ಬ ಬಂದಿದ್ದ, ಹೆಂಗಸರ ಗದ್ದ ನೋಡುತ್ತ ತಿರುಗಿದ, ಬೈದು ಕಳಿಸಿದೆವು ಅಂದರು. ಲಕ್ಷ್ಮೇಶ್ವರದ ಪೇಟೆಯಲ್ಲಿ ಒಬ್ಬ ಮೋಚಿ, ಕೆರ ಹೊಲಿದು ಕೊಡಲೇನು ಎಂದು ಅವನನ್ನು ಕೇಳಿದ್ದನಂತೆ. ಹೊಲಿಯಲು ನಿಂತರೆ ಹೊತ್ತಾಗುತ್ತದೆ ಎಂದು ಹುರಿಯ ಮೇಲೆ ಇನ್ನೊಂದು ಹುರಿ ಬಿಗಿದುಕೊಂಡು ಹೋದನಂತೆ. ಎಲ್ಲ ಕಡೆ ಅವನು ನನಗಿಂತ ಒಂದು ದಿನ ಮುಂದೆ ಇದ್ದ. ಮರುದಿನ ಗದಗು ಬೆಟಗೇರಿಗೆ ಬಂದೆ. ಬೆಟಗೇರಿಯಲ್ಲಿ ನೇಕಾರರು ಗಡಿಯಾಚೆಯ ಜನರಿಗೆ ಮನೆಗಳಲ್ಲಿ ಜಾಗ ಕೊಟ್ಟಿದ್ದರು. ಮಗ್ಗದ ಮುಂದೆ ಕೂತಿದ್ದ ಒಬ್ಬಾಕೆ, 'ಇಲ್ಲೂ ಕೇಳಿದ ನೋಡ್ರಿ. ಈ ಕಡಿ ಎಲ್ಲೂ ಇಲ್ಲ ಅಂದ್ರ ಆಕಿ ಆ ಕಡೀನ ಉಳದಾಳ ಅಂತ ಟೇಶನ್ನಿಗೆ ಹೋದ' ಅಂದಳು.

ನಾನು ಗದಗಿನ ಸ್ಟೇಶನ್ನಿಗೆ ಓಡಿದೆ. ಕೊಪ್ಪಳದ ಕಡೆಯ ಗಾಡಿ ಹಿಂದಿನ ದಿನವೇ ಅವನನ್ನು ಒಯ್ದಿತ್ತು. ಆ ಕಡೆಯಿಂದ ಜನ ಜೀವ ಹಿಡಿದುಕೊಂಡು ಈ ಕಡೆಗೆ ಬರುತ್ತಿದ್ದರು. ಈ ಕಡೆಯಿಂದ ಆ ಕಡೆಗೆ ಹೋದವನು ಅವನೊಬ್ಬ. ನನ್ನ 'ಇಲ್ಲ' ಎಂಬ ಮಾತನ್ನು ನಂಬಿ ಹೋದ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ನಾನು ಅತ್ತೆ. ಹಮಾಲರು ಯಾರೋ ಸತ್ತಿರಬೇಕೆಂದು ಸುತ್ತು ಬಳಸಿ ಹೋದರು.

ಮುಂಡರಗಿಗೆ ಮರಳಿದಾಗ ಕಾಕಾ ಕ್ಯಾಂಪಿನ ಬಾಗಿಲಲ್ಲೇ ನಿಂತಿದ್ದ. ನಾನು ತಲೆ ಅಲ್ಲಾಡಿಸಿದೆ. 'ಆಕಿಗೆ ನೀವ ಹೇಳ್ರಿ,' ಅಂದ. 'ನಾ ಹೇಳೂದಲ್ಲ ಅದು. ಖರೆ ಇದ್ದದ್ದನ್ನ ಹೇಳ್ರಿ.'

ಹೇಳಿದೆ. ಹೇಗೆ ಹೇಳಿದೆನೆಂದು ಬರೆಯುವ ಸಲುವಾಗಿಯೇ ಇಷ್ಟೆಲ್ಲ ಬರೆದೆ. ಅವಳನ್ನು ಮೇಜಿನ ಬಳಿ ಕರೆಸಿದೆ. ವಹಿ ಬಿಡಿಸಿ ಅವಳ ಕಡೆ ತಿರುಗಿಸಿದೆ, ಓದಲು ಬಾರದವಳ ಕಡೆ. ಗೀಟಿನ ಮೇಲೆ ಬೆರಳಿಟ್ಟು, 'ನಿನ್ನ ಗಂಡ ಬಂದಿದ್ದ. ನೀನು ಅವನ ಹೆಸರು ಹೇಳಿರಲಿಲ್ಲ. ಅದಕ್ಕ ಸಿಗಲಿಲ್ಲ, ಹೋದ' ಅಂದೆ.

ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಮೂರು ಚುಕ್ಕಿ ಎಂದು ಅವನು ಹೇಳಿದ್ದನ್ನು, ನಾನು ಅವನ ಮಾತು ತುಂಡರಿಸಿದ್ದನ್ನು, ಅವನು ಇನ್ನೊಂದು ಸಲ ನೋಡಿರೆಂದು ಬೇಡಿದ್ದನ್ನು, ನಾನು ತಲೆ ಎತ್ತದೆ ಇದ್ದದ್ದನ್ನು ಹೇಳಲಿಲ್ಲ. ಅವಳು ಗೀಟನ್ನು ಬಹಳ ಹೊತ್ತು ನೋಡಿದಳು. ಅಳಲಿಲ್ಲ. ಬಾಯಿಯ ಮೇಲೆ ಕೈ ಇಟ್ಟುಕೊಂಡು ಒಳಗೆ ಹೋದಳು. ಕಾಕಾ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಅಂದಿನಿಂದ ಅವನು ನನ್ನನ್ನು ತಮ್ಮಾರ ಅನ್ನಲಿಲ್ಲ, ಸಾಹೇಬ್ರ ಅಂದ.

ಹದಿನೈದು ದಿನಕ್ಕೆ ಧಾರವಾಡದಿಂದ ಕಾಗದ ಬಂತು. ಆ ಮಧ್ಯಾಹ್ನ ಬರೆದ ಅರ್ಜಿಗೇ ಕೆಲಸ ಸಿಕ್ಕಿತ್ತು. ಮಾವ ಪೇಢೆ ಹಂಚಿದ. ನಾನು ಹೋದ ಮೇಲೆ ಕಾಕಾನನ್ನೇ ಮತ್ತೆ ಕರೆದರಂತೆ. ಅವನು ಹೆಂಡತಿಯನ್ನು ಕೂರಿಸಿಕೊಂಡು, ಒಂದೇ ಮಧ್ಯಾಹ್ನದಲ್ಲಿ, ನಾನು ಎಳೆದ ಗೀಟುಗಳ ಮೇಲೆಲ್ಲ ತನ್ನ ಸೊಟ್ಟ ಅಕ್ಷರದಲ್ಲಿ ಹೆಸರು ತುಂಬಿಸಿದನಂತೆ. ಮಾವ ಇದನ್ನು ತಮಾಷೆಯಾಗಿ ಹೇಳಿದ. 'ನಿನ್ನ ಚಂದನ್ನ ವಹಿ ಹಾಳ ಮಾಡಿದ ನೋಡು' ಅಂದ.

ಮಳೆಗಾಲ ಮುಗಿಯುವ ಹೊತ್ತಿಗೆ ಆ ಕಡೆಯ ಹಾವಳಿ ಅಡಗಿತು. ಜನ ತಮ್ಮ ತಮ್ಮ ಊರಿಗೆ ಮರಳಿದರು. ಅವಳೂ ಹೋಗಿ ನೋಡಿದಳಂತೆ, ಅವನು ಊರು ಮುಟ್ಟಿರಲೇ ಇಲ್ಲ. ಅತ್ತೆ ಮಾವ ಬದುಕಿರಲಿಲ್ಲ. ತಿರುಗಿ ಮುಂಡರಗಿಗೇ ಬಂದಳು, ಕಾಕಾನ ಗಿರಣಿಯಲ್ಲಿ ಕಾಳು ಹಸನು ಮಾಡುವ ಕೆಲಸ ಹಿಡಿದಳು ಎಂದು ಮಾವನಿಂದ ತಿಳಿಯಿತು. ರಜೆಗೆ ಊರಿಗೆ ಹೋದಾಗ ನಾನು ಮುಂಡರಗಿಯ ಪೇಟೆಗೆ ಕಾಲಿಡುತ್ತಿರಲಿಲ್ಲ. ಮಾವ ಸತ್ತಾಗಲೂ ಹಿಂದಿನ ಓಣಿಯಿಂದ ಹೋಗಿ ಬಂದೆ.

ನನಗೆ ಮದುವೆಯಾಯಿತು. ಒಂದು ಹಬ್ಬದಲ್ಲಿ ನೆರೆಯ ಹೆಂಗಸರು ಕೂಡಿ ನನ್ನ ಹೆಂಡತಿಯನ್ನು ಒಡಪು ಹಾಕೆಂದು ಪೀಡಿಸಿದರು. ಅವಳು ನಾಚಿ, ನಕ್ಕು, ಹೂವಿನದು ಹಣ್ಣಿನದು ಏನೇನೋ ಸುತ್ತಿ ಕೊನೆಗೆ ನನ್ನ ಹೆಸರು ಹೇಳಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಹೋಳಿಗೆ ಬಿಟ್ಟು ಎದ್ದು ಹೊರಗೆ ಹೋದೆ. ನನಗೆ ಸಿಟ್ಟು ಬಂತೆಂದು ಅವಳು ಎರಡು ದಿನ ಅತ್ತಳು, ಸಿಟ್ಟಲ್ಲ ಎಂದು ಬಿಡಿಸಿ ಹೇಳುವ ಧೈರ್ಯ ನನಗೆ ಬರಲಿಲ್ಲ. ಕಚೇರಿಯಲ್ಲಿ ಮೇಜಿನ ಮುಂದೆ ಯಾರಾದರೂ ಬಂದು ನಿಂತರೆ ನನ್ನ ಕಣ್ಣು ಮೊದಲು ಕಾಲಿಗೆ ಹೋಗುತ್ತಿತ್ತು, ನಂತರ ಬೆಚ್ಚಿ ಮುಖಕ್ಕೆ ಹಾರುತ್ತಿತ್ತು. ಸಾಹೇಬರು ಬಹಳ ಮರ್ಯಾದೆಯವರು, ಎದ್ದು ನಿಂತು ಮಾತಾಡಿಸುತ್ತಾರೆ ಎಂದು ಜನ ಹೊಗಳುತ್ತಿದ್ದರು. ಅದರಿಂದ ನನಗೆ ಬಡ್ತಿಯೂ ಸಿಕ್ಕಿತು.

ಕರ್ನಾಟಕ ಒಂದಾದ ವರ್ಷ ನನಗೆ ಗದಗಿನ ಕಚೇರಿಗೆ ವರ್ಗವಾಯಿತು. ಎಂಟು ವರ್ಷ ಕಳೆದಿತ್ತು. ಮುಂಬಯಿಯ ನಾವು, ನಿಜಾಮರ ಅವರು ಎಲ್ಲ ಒಂದೇ ರಾಜ್ಯ. ಬಾಗಿಲಿಗೆ ಕಟ್ಟಿದ ಮಾವಿನ ತೋರಣ ಇನ್ನೂ ಒಣಗಿರಲಿಲ್ಲ. ಒಂದು ದಿನ ಮುಂಜಾನೆ, ಕಚೇರಿ ತುಂಬ ಜನರಿದ್ದಾಗ, ಅವಳು ಬಂದಳು. ಗದ್ದ ನೋಡಿದೆ. ಹಣೆಗೆ ಕುಂಕುಮ ಇತ್ತು, ಕೈಯಲ್ಲಿ ಹಸಿರು ಬಳೆ ಇದ್ದವು. ರೆಪ್ಪೆಯಲ್ಲಿ ಹಿಟ್ಟು.

'ಸಾಹೇಬ್ರ, ಈಗ ಆ ಕಡೀದೂ ಈ ಕಡೀದೂ ಒಂದ ಆತಂತಲ್ರಿ. ಅಲ್ಲಿನ ಕಾಗದಪತ್ರ ಎಲ್ಲಾ ನಿಮ್ಮ ಕಡೆ ಬಂದಿರತಾವು. ಅದರಾಗ ನಮ್ಮವರ ಹೆಸರ ಐತೇನ ನೋಡ್ರಿ. ಜೇಲಿನ್ಯಾಗರೆ, ದವಾಖಾನ್ಯಾಗರೆ ಇರಬೇಕು.'

ನಾನು ಕೇಳುವ ಮೊದಲೇ ಅವಳು ಗಂಡನ ಹೆಸರು ಹೇಳಿದಳು. ಅವನ ತಂದೆಯ ಹೆಸರು, ಕೊಟ್ಟ ಊರು, ಎಲ್ಲವನ್ನೂ ಎತ್ತರದ ದನಿಯಲ್ಲಿ, ತಡವರಿಸದೆ, ತುಂಬಿದ ಕಚೇರಿಯಲ್ಲಿ. ಕಾರಕೂನರು ತಲೆ ಎತ್ತಿ ನೋಡಿದರು. ಒಬ್ಬ ಮುದುಕಿ ಗಲ್ಲ ಬಡಿದುಕೊಂಡಳು. ಅವಳು ಹಾಗೆ ಎಲ್ಲ ಕಡೆ ಹೇಳುತ್ತಾಳೆಂದು ಆಮೇಲೆ ತಿಳಿಯಿತು. ಬಸ್ಸಿನವರಿಗೆ, ಸಂತೆಯವರಿಗೆ, ಸ್ಟೇಶನ್ನಿನಲ್ಲಿ ಕೊಪ್ಪಳದ ಗಾಡಿ ಇಳಿದವರಿಗೆ. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆಯಬೇಕಾದ ದಿನ ಬರೆಯಲಿಲ್ಲ, ಈಗ ಬರೆಯುವ ಹಕ್ಕು ನನಗಿಲ್ಲ.

ಅವಳ ಮುಂದೆ ಎದ್ದು ನಿಂತು, ಒಂದು ಹಾಳೆಯ ಮೇಲೆ ಬರೆದುಕೊಂಡೆ. 'ಬರ್ದ್ರೇನ್ರಿ? ಓದಿ ಹೇಳ್ರಿ' ಅಂದಳು. ಓದಿದೆ. ಅವಳು ಆಗ ನನ್ನ ಮುಖವನ್ನು ದಿಟ್ಟಿಸಿದಳು.

'ನೀವು ಕ್ಯಾಂಪಿನ ಬಿ.ಎ. ಅಣ್ಣಾರಲ್ಲೇನ್ರಿ?'

ತಲೆ ಆಡಿಸಿದೆ. ಈಗ ಹೇಳಬೇಕು, ಈಗಲೇ, ಅಂದುಕೊಂಡೆ. ಅವನು ನಿನ್ನ ಗದ್ದದ ಚುಕ್ಕಿ ಹೇಳಿದ್ದ ತಾಯಿ, ನಾನು ಕೇಳಲಿಲ್ಲ. ಇಷ್ಟೇ ಮಾತು. ನನ್ನ ಕೈಕೆಳಗಿನ ಐದು ಜನ ಕಾರಕೂನರು ಕಿವಿ ನೆಟ್ಟು ಕೂತಿದ್ದರು.

'ಗಿರಣಿ ಕಾಕಾ ಸಾಯೂಕಿಂತ ಮೊದಲ ಅಂದ್ರು, ನಿಂದೇನೂ ತಪ್ಪಿಲ್ಲವಾ, ನಂಬಿಕಿ ಬರಲಿಲ್ಲಂದ್ರ ಆ ಸಾಹೇಬ್ರನ್ನ ಕೇಳು ಅಂತ,' ಅಂದಳು ಅವಳು. 'ಸಮಾಧಾ‍ನಕ್ಕ ಅಂದಿರಬೇಕ್ರಿ ಪಾಪ. ನೀವ ಬುಕ್ಕ ತೋರಿಸಿದ್ರೆಲ್ಲ. ನಾ ಹೆಸರ ಹೇಳಿದ್ರ ಅವರು ಅವತ್ತ ಸಿಗತಿದ್ರು. ನಾನ ಕಳಕೊಂಡೆ. ಹೌದಲ್ರಿ, ಅಣ್ಣಾರ?'

ಅವಳು ಉತ್ತರಕ್ಕೆ ಕಾಯುತ್ತ ನಿಂತಳು.

'ಹೂಂ,' ಅಂದೆ.

ಅವಳು ಕೈ ಮುಗಿದು, ಬಾಗಿಲ ತೋರಣದ ಕೆಳಗೆ ತಲೆ ಬಗ್ಗಿಸಿ ಹೊರಗೆ ಹೋದಳು.